ಕರೆಂಟ್ ಕಂಪನಿಗಳು ನಾಳೆಯ ಮಾರ್ಕೆಟ್‌ಗೆ ತಯಾರಾಗೋದು ಹೇಗೆ: ಯಾವ ದಾರಿ ಯಾರಿಗೆ ಸರಿ ಹೋಗುತ್ತೆ

ಒಂದು ಪವರ್ ಪ್ಲಾಂಟ್ ಕಟ್ಟಿದ್ರೆ ಮೂವತ್ತು ನಲವತ್ತು ವರ್ಷ ಅದರ ಜೊತೆ ಬಾಳ್ಬೇಕು, ಟ್ರಾನ್ಸ್‌ಮಿಷನ್ ಲೈನ್ ಆದ್ರೆ ಇನ್ನೂ ಜಾಸ್ತಿ, ಆದ್ರೆ ಅದೇ ಕರೆಂಟಿನ ರೇಟು ಮಾರ್ಕೆಟ್ಟಲ್ಲಿ ಕೆಲವು ಕಡೆ ಹದಿನೈದು ನಿಮಿಷಕ್ಕೊಂದ್ಸಲ, ಕೆಲವು ಕಡೆ ಐದು ನಿಮಿಷಕ್ಕೊಂದ್ಸಲ ಬದಲಾಗ್ತಾ ಇರುತ್ತೆ. ಗ್ಯಾಸ್ ರೇಟ್ ಏನಾಗುತ್ತೋ, ಡೇಟಾ ಸೆಂಟರ್‌ಗಳು ಹೇಳಿದಷ್ಟು ಬರ್ತಾವೋ ಇಲ್ವೋ, ಜನ ಎಷ್ಟು ಬೇಗ ರೂಫ್‌ಟಾಪ್ ಸೋಲಾರ್ ಹಾಕಿಸ್ಕೊತಾರೋ, ಸರ್ಕಾರ ಕಾರ್ಬನ್ ಮೇಲೆ ಯಾವಾಗ ಏನು ರೂಲ್ ತರುತ್ತೋ, ಇದ್ಯಾವ್ದೂ ಕಂಪನಿ ಕೈಲಿಲ್ಲ, ಆದ್ರೂ ದುಡ್ಡು ಮಾತ್ರ ಇವತ್ತೇ ಹಾಕ್ಬೇಕು. ಹಾಗಾಗಿ ಪ್ಲಾನಿಂಗ್ ಮಾಡೋವ್ರ ಮುಂದೆ ಎರಡು ಆಯ್ಕೆ ಬರುತ್ತೆ: ಭವಿಷ್ಯನ ಯಾವ ರೀತಿ ಲೆಕ್ಕ ಹಾಕೋದು ಅನ್ನೋದು ಒಂದು, ಆ ಲೆಕ್ಕ ಇಟ್ಕೊಂಡು ದುಡ್ಡನ್ನ ಯಾವುದರ ಮೇಲೆ ಹಾಕೋದು ಅನ್ನೋದು ಇನ್ನೊಂದು. ಎರಡನ್ನೂ ಇಲ್ಲಿ ಹೋಲಿಸಿ ನೋಡೋಣ.

ನನ್ನ ನಿಲುವು ಮೊದ್ಲೇ ಹೇಳ್ಬಿಡ್ತೀನಿ. ಯಾವ ಭವಿಷ್ಯ ಬರುತ್ತೆ ಅಂತ ಊಹೆ ಮಾಡೋಕೆ ಕಂಪನಿಗಳು ತುಂಬ ಶ್ರಮ ಹಾಕ್ತವೆ, ಆ ಊಹೆ ತಪ್ಪಿದ್ರೆ ಎಷ್ಟು ಕಳ್ಕೊತೀವಿ ಅಂತ ನೋಡೋಕೆ ತುಂಬ ಕಮ್ಮಿ ಹಾಕ್ತವೆ. ದೊಡ್ಡ ದೊಡ್ಡ ಕಂಪನಿಗಳು ಮುಳುಗಿರೋದು ನೋಡಿದ್ರೆ ಹೆಚ್ಚಿನ ಸಲ ಊಹೆ ತಪ್ಪಾಗಿದ್ದಕ್ಕಲ್ಲ, ಒಂದೇ ಊಹೆ ಮೇಲೆ ಎಲ್ಲಾ ಕಟ್ಟಿದ್ದಕ್ಕೆ.

ಒಂದೇ ಫೋರ್‌ಕಾಸ್ಟ್ ಇಟ್ಕೊಂಡು ಹೋಗೋದು

ಹಳೇ ಪದ್ಧತಿ, ಇವತ್ತಿಗೂ ತುಂಬ ಕಡೆ ನಡೀತಿರೋದು ಇದೇ. ಕಳೆದ ಹತ್ತು ವರ್ಷದ ಲೋಡ್ (ಅಂದ್ರೆ ಕರೆಂಟ್ ಬೇಡಿಕೆ) ತಗೊಂಡು, ವರ್ಷಕ್ಕೆ ಇಷ್ಟು ಪರ್ಸೆಂಟ್ ಬೆಳೆಯುತ್ತೆ ಅಂತ ಒಂದು ಗೆರೆ ಎಳೆದು, ಆ ಗೆರೆಗೆ ತಕ್ಕಂತೆ ಪ್ಲಾಂಟ್, ಲೈನ್, ಪಿಪಿಎ (ಕರೆಂಟ್ ಖರೀದಿಯ ದೀರ್ಘಾವಧಿ ಒಪ್ಪಂದ) ಎಲ್ಲಾ ಜೋಡಿಸೋದು, ಆಮೇಲೆ ಸಮಾಧಾನಕ್ಕೆ ಮೇಲೊಂದು ಕೆಳಗೊಂದು ಗೆರೆ ಹಾಕಿ ಹೈ ಕೇಸ್, ಲೋ ಕೇಸ್ ಅನ್ನೋದು. ಸುಲಭ, ಬೇಗ ಮುಗಿಯುತ್ತೆ, ರೆಗ್ಯುಲೇಟರ್‌ಗೂ ಅರ್ಥ ಆಗುತ್ತೆ. ಎರಡು ಮೂರು ವರ್ಷದ ಕೆಲಸಕ್ಕೆ, ಅಂದ್ರೆ ಯಾವ ಫೀಡರ್ (ಸಬ್‌ಸ್ಟೇಷನ್ನಿಂದ ಊರಿಗೆ ಹೋಗೋ ಲೈನ್) ಓವರ್‌ಲೋಡ್ ಆಗುತ್ತೆ, ಯಾವ ಸಬ್‌ಸ್ಟೇಷನ್‌ಗೆ ಇನ್ನೊಂದು ಟ್ರಾನ್ಸ್‌ಫಾರ್ಮರ್ ಬೇಕು ಅನ್ನೋದಕ್ಕೆ ಇದೇ ಸಾಕು, ಅಲ್ಲಿ ದೊಡ್ಡ ಮಾಡೆಲ್ ತಂದು ಕೂರಿಸೋ ಅಗತ್ಯ ಇಲ್ಲ.

ಆದ್ರೆ ಹತ್ತು ಹದಿನೈದು ವರ್ಷದ ನಿರ್ಧಾರಕ್ಕೆ ಇದನ್ನೇ ನಂಬಿದ್ರೆ ಏನಾಗುತ್ತೆ ಅನ್ನೋದಕ್ಕೆ ಅಮೆರಿಕದ ವಾಷಿಂಗ್ಟನ್ ಪಬ್ಲಿಕ್ ಪವರ್ ಸಪ್ಲೈ ಸಿಸ್ಟಮ್ ಅನ್ನೋ ಕರೆಂಟ್ ಸಂಸ್ಥೆನ ನೋಡ್ಬೇಕು. ಬೇಡಿಕೆ ವರ್ಷಕ್ಕೆ ಸುಮಾರು 7 ಪರ್ಸೆಂಟ್ ಬೆಳೆಯುತ್ತೆ, ಹತ್ತು ವರ್ಷಕ್ಕೆ ಡಬಲ್ ಆಗುತ್ತೆ ಅನ್ನೋ ಆಗಿನ ಕಾಲದ ನಂಬಿಕೆ ಮೇಲೆ ಒಟ್ಟಿಗೆ ಐದು ಅಣು ಸ್ಥಾವರ ಶುರು ಮಾಡಿದ್ರು. ಖರ್ಚು ಏರಿತು, ಖರ್ಚು ಏರಿದ್ದಕ್ಕೆ ಕರೆಂಟ್ ರೇಟ್ ಏರಿತು, ರೇಟ್ ಏರಿದ್ದಕ್ಕೆ ಜನ ಬಳಸೋದು ಕಮ್ಮಿ ಮಾಡಿದ್ರು, ಅಂದ್ರೆ ಪ್ಲಾಂಟ್ ಕಟ್ಟೋ ಖರ್ಚೇ ಆ ಪ್ಲಾಂಟ್‌ಗೆ ಬೇಕಾಗಿದ್ದ ಬೇಡಿಕೆನ ತಿಂದು ಹಾಕ್ತು. ಐದರಲ್ಲಿ ಮುಗಿದಿದ್ದು ಒಂದೇ. 1983ರಲ್ಲಿ 225 ಕೋಟಿ ಡಾಲರ್ ಬಾಂಡ್ ತೀರಿಸೋಕಾಗದೆ ಕೈ ಎತ್ತಿದ್ರು, ಆ ದೇಶದ ಮುನಿಸಿಪಲ್ ಬಾಂಡ್ ಚರಿತ್ರೆಯಲ್ಲಿ ಅವತ್ತಿಗೆ ಅದಕ್ಕಿಂತ ದೊಡ್ಡ ಡಿಫಾಲ್ಟ್ ಇರ್ಲಿಲ್ಲ. ಒಂದೇ ಗೆರೆಯ ಫೋರ್‌ಕಾಸ್ಟ್‌ನಲ್ಲಿ ಈ ಸುತ್ತು ಕಾಣೋದೇ ಇಲ್ಲ, ಯಾಕಂದ್ರೆ ಅದರಲ್ಲಿ ಬೇಡಿಕೆ ಮೇಲಿಂದ ಇಳಿದು ಬರೋ ನಂಬರ್, ನಮ್ಮ ನಿರ್ಧಾರಕ್ಕೂ ಅದಕ್ಕೂ ಸಂಬಂಧ ಇಲ್ಲ ಅಂದ್ಕೊಂಡಿರ್ತೀವಿ.

ಇವತ್ತು ಡೇಟಾ ಸೆಂಟರ್ ವಿಷಯದಲ್ಲೂ ಇದೇ ಭಯ ಇದೆ. ಇಂಟರ್‌ನ್ಯಾಷನಲ್ ಎನರ್ಜಿ ಏಜೆನ್ಸಿ ಲೆಕ್ಕದಲ್ಲಿ 2024ರಲ್ಲಿ ಜಗತ್ತಿನ ಡೇಟಾ ಸೆಂಟರ್‌ಗಳು ಬಳಸಿದ್ದು ಸುಮಾರು 415 ಟೆರಾವ್ಯಾಟ್ ಅವರ್, 2030ಕ್ಕೆ ಅದು 945ರ ಹತ್ರ ಹೋಗ್ಬಹುದು. ಬೆಳವಣಿಗೆ ನಿಜವೇ, ಆದ್ರೆ ಒಬ್ಬನೇ ಡೆವಲಪರ್ ಒಂದೇ ಪ್ರಾಜೆಕ್ಟ್ ಹಿಡ್ಕೊಂಡು ನಾಲ್ಕು ಕಂಪನಿ ಹತ್ರ ಕನೆಕ್ಷನ್‌ಗೆ ಅರ್ಜಿ ಹಾಕಿರ್ತಾನೆ, ಎಲ್ಲಿ ಬೇಗ ಸಿಗುತ್ತೋ ಅಲ್ಲಿ ಹೋಗ್ತಾನೆ, ನಾಲ್ಕೂ ಕಂಪನಿ ತಮ್ಮ ಫೋರ್‌ಕಾಸ್ಟಲ್ಲಿ ಅದನ್ನ ಪೂರ್ತಿ ಸೇರಿಸ್ಕೊಂಡ್ರೆ ಮೂರು ಕಂಪನಿ ಕೆಡುತ್ತವೆ.

ಸಿನಾರಿಯೋ ಕಟ್ಟೋದು

ಸಿನಾರಿಯೋ ಅಂದ್ರೆ ಹೀಗಾದ್ರೆ ಏನಾಗುತ್ತೆ ಅಂತ ಬರೆಯೋ ಭವಿಷ್ಯದ ಕತೆ. 1970ರ ದಶಕದ ಶುರುವಲ್ಲಿ ಶೆಲ್ ಅನ್ನೋ ತೈಲ ಕಂಪನಿಯಲ್ಲಿ ಪಿಯರ್ ವಾಕ್ ಮತ್ತು ಅವರ ತಂಡ ಮಾಡಿದ್ದು ಇದನ್ನ. ತೈಲ ಉತ್ಪಾದಿಸೋ ದೇಶಗಳು ಬಿಗಿ ಹಿಡಿದ್ರೆ ಏನಾಗುತ್ತೆ ಅನ್ನೋ ಕತೆನ ಮ್ಯಾನೇಜರ್‌ಗಳ ಮುಂದೆ ಇಟ್ಟು ಚರ್ಚೆ ಮಾಡಿಸಿದ್ರು, 1973ರಲ್ಲಿ ತೈಲ ಬಿಕ್ಕಟ್ಟು ಬಂದಾಗ ಆ ಕಂಪನಿಗೆ ಅದು ಪೂರ್ತಿ ಹೊಸ ವಿಷಯ ಆಗಿರ್ಲಿಲ್ಲ.

ವಿದ್ಯುತ್ ಕಂಪನಿಗೆ ಇದು ಹೇಗೆ ಹೊಂದುತ್ತೆ ಅಂದ್ರೆ, ಮೂರೋ ನಾಲ್ಕೋ ಪೂರ್ತಿ ಕತೆ ಬರೀಬೇಕು, ಪ್ರತಿಯೊಂದರಲ್ಲೂ ಕಾರಣ ಇರ್ಬೇಕು. ಉದಾಹರಣೆಗೆ ಒಂದರಲ್ಲಿ ಬ್ಯಾಟರಿ ಸೋಲಾರ್ ಅಗ್ಗ ಆಗ್ತಾನೇ ಹೋಗಿ ದೊಡ್ಡ ಗ್ರಾಹಕರು ಗ್ರಿಡ್ಡಿಂದ ಅರ್ಧ ಕೈ ಬಿಡ್ತಾರೆ, ಇನ್ನೊಂದರಲ್ಲಿ ಗಾಡಿ, ಹೀಟಿಂಗ್, ಕಾರ್ಖಾನೆ ಎಲ್ಲಾ ಕರೆಂಟಿಗೆ ಬಂದು ಲೋಡ್ ಏರುತ್ತೆ, ಮತ್ತೊಂದರಲ್ಲಿ ಇಂಧನದ ರೇಟು ಎರಡು ವರ್ಷ ಆಕಾಶಕ್ಕೆ ಹೋಗಿ ಸರ್ಕಾರ ಗ್ರಾಹಕರ ಟ್ಯಾರಿಫ್ ಏರಿಸೋಕೆ ಬಿಡಲ್ಲ. ಈ ಮೂರನೇದನ್ನ ತುಂಬ ಜನ ಬರೆಯೋದೇ ಇಲ್ಲ, ಆದ್ರೆ ಕಂಪನಿಗಳನ್ನ ಕೊಂದಿರೋದು ಹೆಚ್ಚಾಗಿ ಅದೇ. ಬ್ರಿಟನ್ನಲ್ಲಿ 2021ರಿಂದ ಶುರುವಾದ ಗ್ಯಾಸ್ ಬಿಕ್ಕಟ್ಟಲ್ಲಿ ಹೋಲ್‌ಸೇಲ್ ರೇಟ್ ಏರಿತು, ಗ್ರಾಹಕರ ರೇಟಿಗೆ ಸರ್ಕಾರದ ಕ್ಯಾಪ್ (ಗರಿಷ್ಠ ಮಿತಿ) ಇತ್ತು, ಮುಂಚೆನೇ ಕರೆಂಟ್ ಗ್ಯಾಸ್ ಖರೀದಿ ಮಾಡಿಟ್ಕೊಳ್ಳದ ಸಪ್ಲೈಯರ್‌ಗಳು ಒಂದಾದ್ಮೇಲೊಂದು ಬಿದ್ದು ಹೆಚ್ಚು ಕಮ್ಮಿ ಮೂವತ್ತು ಕಂಪನಿ ಮುಚ್ಚಿದವು.

ಸಿನಾರಿಯೋದ ದೌರ್ಬಲ್ಯನೂ ಹೇಳ್ಬೇಕು. ಚೆನ್ನಾಗಿ ಬರೆದು, ಚೆನ್ನಾಗಿ ಪ್ರೆಸೆಂಟೇಷನ್ ಮಾಡಿ, ಕಪಾಟಲ್ಲಿ ಇಟ್ಟು ಮರೆತು ಹೋಗೋದು ತುಂಬ ಸಾಮಾನ್ಯ, ಯಾಕಂದ್ರೆ ಸಿನಾರಿಯೋ ತಾನಾಗೇ ಯಾವ ನಿರ್ಧಾರನೂ ಹೇಳಲ್ಲ. ಮೂರು ಕತೆ ಬರೆದಾಗ ಎಲ್ರೂ ಮಧ್ಯದ್ದನ್ನ ಹಿಡ್ಕೊಂಡು ಇದೇ ನಿಜ ಅಂತಾರೆ, ಆವಾಗ ಮತ್ತೆ ಒಂದೇ ಫೋರ್‌ಕಾಸ್ಟ್‌ಗೆ ವಾಪಸ್ ಬಂದಂಗೆ. ಅದಕ್ಕೇ ಮಧ್ಯದ್ದು ಅಂತ ಒಂದನ್ನ ಇಡ್ಲೇಬಾರದು, ನಾಲ್ಕು ಇಟ್ರೆ ಒಳ್ಳೇದು.

ಸಿಮ್ಯುಲೇಷನ್

ಸಾವಿರಾರು ಸಲ ಕಂಪ್ಯೂಟರಲ್ಲಿ ಹವಾಮಾನ, ರೇಟು, ಪ್ಲಾಂಟ್ ಕೆಡೋದು ಎಲ್ಲಾ ಬೇರೆ ಬೇರೆ ಹಾಕಿ ಓಡಿಸಿ, ಖರ್ಚು ಯಾವ ರೇಂಜಲ್ಲಿ ಬರುತ್ತೆ ಅಂತ ನೋಡೋದು. ರಿಸರ್ವ್ (ತುರ್ತಿಗೆ ಕೈಲಿಡೋ ಹೆಚ್ಚುವರಿ ಕೆಪಾಸಿಟಿ) ಎಷ್ಟಿಡ್ಬೇಕು, ಮುಂದಿನ ಬೇಸಿಗೆಗೆ ಎಷ್ಟು ಹೆಡ್ಜ್ ಮಾಡ್ಬೇಕು, ಅಂದ್ರೆ ಎಷ್ಟರ ರೇಟು ಮುಂಚೆನೇ ಫಿಕ್ಸ್ ಮಾಡ್ಕೊಬೇಕು ಅನ್ನೋ ಪ್ರಶ್ನೆಗೆ ಇದರಷ್ಟು ಒಳ್ಳೆ ಸಾಧನ ಇಲ್ಲ, ಯಾಕಂದ್ರೆ ಅಲ್ಲಿ ಹಳೇ ಡೇಟಾ ಇದೆ. ಆದ್ರೆ ಹದಿನೈದು ವರ್ಷ ಆದ್ಮೇಲೆ ಕಾರ್ಬನ್ ಟ್ಯಾಕ್ಸ್ ಇರೋ ಸಂಭವ ಎಷ್ಟು ಪರ್ಸೆಂಟ್ ಅಂತ ಕೇಳಿದ್ರೆ ಯಾರ ಹತ್ರನೂ ಡೇಟಾ ಇಲ್ಲ, ಯಾರೋ ಒಬ್ರು ಕೂತು ನಲವತ್ತು ಅಂತ ಟೈಪ್ ಮಾಡಿರ್ತಾರೆ, ಆಮೇಲೆ ಎಲ್ರೂ ಆ ನಲವತ್ತನ್ನ ಅಳೆದು ತಂದಿದ್ದೇನೋ ಅನ್ನೋಥರ ನಂಬ್ತಾರೆ.

ಇನ್ನೊಂದು ಮುಖ್ಯವಾದ ತೊಂದರೆ, ಕೆಟ್ಟ ಘಟನೆಗಳು ಬಿಡಿ ಬಿಡಿಯಾಗಿ ಬರುತ್ತವೆ ಅಂತ ಮಾಡೆಲ್ ಅಂದ್ಕೊಂಡಿದ್ರೆ ಅದು ಮೋಸ ಮಾಡುತ್ತೆ. 2021 ಫೆಬ್ರವರಿಯಲ್ಲಿ ಟೆಕ್ಸಾಸ್‌ನಲ್ಲಿ ಚಳಿ ಬಂದಾಗ ಹೀಟಿಂಗ್‌ಗೆ ಬೇಡಿಕೆ ಏರಿದ್ದು, ಪ್ಲಾಂಟ್‌ಗಳು ಹೆಪ್ಪುಗಟ್ಟಿದ್ದು, ಗ್ಯಾಸ್ ಬಾವಿ ಪೈಪ್‌ಲೈನ್ ಕೈಕೊಟ್ಟಿದ್ದು, ಗ್ಯಾಸ್ ಸಾಗಿಸೋ ಕೆಲವು ಪಂಪ್‌ಗಳಿಗೇ ಕರೆಂಟ್ ಕಟ್ ಆಗಿದ್ದು ಎಲ್ಲಾ ಒಂದೇ ವಾರದಲ್ಲಿ. ನಾಲ್ಕು ದಿನ ರೇಟು ಯೂನಿಟ್‌ಗೆ 9 ಡಾಲರ್‌ನ ಮಿತಿಯಲ್ಲೇ ನಿಂತಿತ್ತು, ಮಾಮೂಲಿ ದಿನ ಅದು ಕೆಲವೇ ಸೆಂಟ್ ಇರುತ್ತೆ. ಬ್ರಾಜೋಸ್ ಎಲೆಕ್ಟ್ರಿಕ್ ಅನ್ನೋ ದೊಡ್ಡ ಸಹಕಾರಿ ಸಂಸ್ಥೆಗೆ ಸುಮಾರು 200 ಕೋಟಿ ಡಾಲರ್ ಬಿಲ್ ಬಂದು ಮಾರ್ಚ್ 1ಕ್ಕೆ ದಿವಾಳಿ ಅರ್ಜಿ ಹಾಕ್ತು. 1941ರಿಂದ ಇದ್ದ ಸಂಸ್ಥೆ ಅದು.

ರಿಗ್ರೆಟ್ ಲೆಕ್ಕ

ನನಗೆ ಎಲ್ಲಕ್ಕಿಂತ ಉಪಯೋಗ ಅನಿಸೋದು ಇದು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳ್ತೀನಿ. ಲೆಕ್ಕಕ್ಕೋಸ್ಕರ ನಾನೇ ಹಾಕಿರೋ ನಂಬರ್ ಇವು. ಒಂದು ಕಂಪನಿಗೆ 600 ಮೆಗಾವ್ಯಾಟ್ ಬೇಕಾಗ್ಬಹುದು ಅಂತಿಟ್ಕೊಳಿ. ಅವರ ಮುಂದೆ ಮೂರು ದಾರಿ: ಒಂದೇ ದೊಡ್ಡ ಪ್ಲಾಂಟ್ ಕಟ್ಟೋದು, ಇನ್ನೂರು ಇನ್ನೂರು ಅಂತ ಹಂತ ಹಂತವಾಗಿ ಕಟ್ಟೋದು, ಏನೂ ಕಟ್ಟದೆ ಸ್ಪಾಟ್ ಮಾರ್ಕೆಟ್ಟಿಂದ, ಅಂದ್ರೆ ಆಯಾ ಹೊತ್ತಿನ ರೇಟಿಗೆ ತಗೊಳೋದು.

ಬೇಡಿಕೆ ಜೋರಾಗಿ ಬೆಳೆದ್ರೆ ದೊಡ್ಡ ಪ್ಲಾಂಟ್ ಖರ್ಚು 100, ಹಂತದ್ದು 115, ಮಾರ್ಕೆಟ್ 150. ಬೇಡಿಕೆ ಬೆಳೀದೇ ಇದ್ರೆ ದೊಡ್ಡದಕ್ಕೆ 95 ಹೋಗೇ ಹೋಗುತ್ತೆ, ಹಂತದ್ದನ್ನ ಮೊದಲ ಹಂತಕ್ಕೇ ನಿಲ್ಲಿಸಿದ್ರೆ 50, ಮಾರ್ಕೆಟ್ 40. ಬೇಡಿಕೆ ಸಾಧಾರಣವಾಗಿದ್ದು ಮಾರ್ಕೆಟ್ ರೇಟು ಸಿಡಿದ್ರೆ ದೊಡ್ಡದು 90, ಹಂತದ್ದು 100, ಮಾರ್ಕೆಟ್ 170. ಈಗ ಪ್ರತಿ ಭವಿಷ್ಯದಲ್ಲೂ ಅತಿ ಅಗ್ಗದ್ದಕ್ಕಿಂತ ನಮ್ಮ ಆಯ್ಕೆ ಎಷ್ಟು ಜಾಸ್ತಿ ಆಯ್ತು ಅಂತ ಕಳೀಬೇಕು, ಅದೇ ರಿಗ್ರೆಟ್. ದೊಡ್ಡ ಪ್ಲಾಂಟ್‌ಗೆ 0, 55, 0. ಹಂತದ್ದಕ್ಕೆ 15, 10, 10. ಮಾರ್ಕೆಟ್‌ಗೆ 50, 0, 80.

ಗಮನಿಸಿ ನೋಡಿ, ಹಂತದ ದಾರಿ ಮೂರು ಭವಿಷ್ಯದಲ್ಲಿ ಒಂದರಲ್ಲೂ ಫಸ್ಟ್ ಬರಲ್ಲ. ಬೇಡಿಕೆ ಬೆಳೆಯುತ್ತೆ ಅನ್ನೋವ್ರು ಅದು ದುಬಾರಿ ಅಂತಾರೆ, ಬೆಳೆಯಲ್ಲ ಅನ್ನೋವ್ರೂ ದುಬಾರಿ ಅಂತಾರೆ, ಮೀಟಿಂಗಲ್ಲಿ ಅದರ ಪರ ಗಟ್ಟಿಯಾಗಿ ಮಾತಾಡೋವ್ರೇ ಇರಲ್ಲ. ಆದ್ರೆ ಅದರ ಅತಿ ಕೆಟ್ಟ ನಷ್ಟ 15, ಉಳಿದ ಎರಡರದ್ದು 55 ಮತ್ತೆ 80. ಒಂದೇ ಫೋರ್‌ಕಾಸ್ಟ್ ಇಟ್ಕೊಂಡ್ರೆ ಇಂಥ ಆಯ್ಕೆ ಯಾವತ್ತೂ ಗೆಲ್ಲಲ್ಲ, ಆ ಕಾರಣಕ್ಕೇ ಈ ಲೆಕ್ಕ ಕಾಗದದ ಮೇಲೆ ಬರಬೇಕು.

ಎಚ್ಚರಿಕೆನೂ ಬೇಕು. ಯಾರೋ ಒಬ್ರು ವಿಪರೀತವಾದ ಒಂದು ಭವಿಷ್ಯ ತಂದು ಸೇರಿಸಿದ್ರೆ ಪೂರ್ತಿ ಫಲಿತಾಂಶ ಅದರ ಕಡೆ ವಾಲುತ್ತೆ, ಯಾರಿಗೂ ಬೇಡದ ಒಂದು ಹೊಸ ಆಯ್ಕೆ ಪಟ್ಟಿಗೆ ಸೇರಿಸಿದ್ರೂ ಉಳಿದವರ ಸ್ಥಾನ ಅದಲು ಬದಲಾಗ್ಬಹುದು. ಹಾಗಾಗಿ ಭವಿಷ್ಯಗಳ ಪಟ್ಟಿ, ಆಯ್ಕೆಗಳ ಪಟ್ಟಿ ಎರಡನ್ನೂ ಖರ್ಚಿನ ನಂಬರ್ ನೋಡೋ ಮುಂಚೆನೇ ಫಿಕ್ಸ್ ಮಾಡಿ ಎಲ್ರ ಸಹಿ ಹಾಕಿಸ್ಕೊಬೇಕು.

ಒಪ್ಪಂದನಾ, ಸ್ಪಾಟ್ ಮಾರ್ಕೆಟ್ಟಾ

ಇನ್ನು ದುಡ್ಡು ಎಲ್ಲಿ ಹಾಕೋದು ಅನ್ನೋ ವಿಷಯ. ಕರೆಂಟ್ ಕೊಳ್ಳೋದ್ರಲ್ಲಿ ಎರಡೂ ತುದಿ ಅಪಾಯ ಅನ್ನೋದಕ್ಕೆ ಕ್ಯಾಲಿಫೋರ್ನಿಯಾ ಒಂದೇ ಸಾಕು. 2000–01ರಲ್ಲಿ ಅಲ್ಲಿನ ದೊಡ್ಡ ಕಂಪನಿಗಳು ಹೆಚ್ಚು ಕಮ್ಮಿ ಎಲ್ಲಾ ಕರೆಂಟನ್ನ ಸ್ಪಾಟ್‌ನಲ್ಲೇ ಕೊಳ್ಳೋಥರ ರೂಲ್ಸ್ ಇತ್ತು, ಗ್ರಾಹಕರ ರೇಟು ಫ್ರೀಜ್ ಆಗಿತ್ತು, ಹೋಲ್‌ಸೇಲ್ ರೇಟು ಏರ್ತಾ ಹೋಗಿ ಆ ಕಂಪನಿಗಳಲ್ಲಿ ಒಂದಾದ ಪಿಜಿ ಅಂಡ್ ಇ 2001 ಏಪ್ರಿಲ್‌ನಲ್ಲಿ ದಿವಾಳಿ ಅರ್ಜಿ ಹಾಕ್ತು. ಕಂಪನಿಗಳಿಗೆ ಸಾಲ ಹುಟ್ಟದೇ ಇದ್ದಾಗ ರಾಜ್ಯ ಸರ್ಕಾರನೇ ಮಧ್ಯೆ ಬಂದು, ರೇಟು ತುದಿಯಲ್ಲಿ ಇದ್ದಾಗಲೇ 4,000 ಕೋಟಿ ಡಾಲರ್‌ಗೂ ಮಿಕ್ಕಿದ ದೀರ್ಘಾವಧಿ ಒಪ್ಪಂದಗಳಿಗೆ ಸಹಿ ಹಾಕ್ತು, ಸ್ವಲ್ಪ ದಿನಕ್ಕೇ ಮಾರ್ಕೆಟ್ ರೇಟು ಇಳೀತು, ಜನ ವರ್ಷಗಟ್ಟಲೆ ಆ ದುಬಾರಿ ರೇಟೇ ಕಟ್ಟಿದ್ರು.

ಅದಕ್ಕೆ ನಾನು ಹೇಳೋದು ಮೆಟ್ಟಿಲು ಮೆಟ್ಟಿಲಾಗಿ ಕೊಳ್ಳಿ ಅಂತ. ಮುಂದಿನ ವರ್ಷದ ಬೇಡಿಕೆಯ ದೊಡ್ಡ ಪಾಲು ಈಗ್ಲೇ ಫಿಕ್ಸ್ ಆಗಿರ್ಲಿ, ಅದರ ಮುಂದಿನ ವರ್ಷದ್ದು ಅರ್ಧದಷ್ಟು, ಅದರಾಚೆದ್ದು ಇನ್ನೂ ಕಮ್ಮಿ, ಪ್ರತಿ ಮೂರು ತಿಂಗಳಿಗೊಮ್ಮೆ ಒಂದು ತುಂಡು ಸೇರಿಸ್ತಾ ಹೋಗಿ, ರೇಟು ಇಳಿದಾಗ ಎಲ್ಲಾ ಕೊಂಡ್ಬಿಡೋಣ ಅನ್ನೋ ಆಸೆ ಬೇಡ. ಒಪ್ಪಂದಗಳೂ ಬೇರೆ ಬೇರೆ ವರ್ಷ ಮುಗಿಯೋಥರ ನೋಡ್ಕೊಬೇಕು, ಎಲ್ಲಾ ಒಂದೇ ವರ್ಷ ಮುಗಿದು ಆ ವರ್ಷನೇ ಬಿಕ್ಕಟ್ಟು ಬಂದ್ರೆ ಕತೆ ಮುಗೀತು.

ಇಲ್ಲಿ ಜನ ಮರೆಯೋ ಎರಡು ವಿಷಯ ಇದೆ. ಮೊದಲನೇದು, ಯೂನಿಟ್ ಲೆಕ್ಕ ಸರಿ ಇದ್ರೂ ಹೊತ್ತಿನ ಲೆಕ್ಕ ತಪ್ಪಿರ್ಬಹುದು. ಸೋಲಾರ್ ಪಿಪಿಎ ಹತ್ತು ಇದ್ರೂ ಸಂಜೆ ಏಳು ಗಂಟೆಗೆ ಅದರಿಂದ ಏನೂ ಸಿಗಲ್ಲ, ಮಧ್ಯಾಹ್ನ ಎಲ್ರ ಸೋಲಾರೂ ಒಟ್ಟಿಗೆ ಬಂದಾಗ ರೇಟು ಸೊನ್ನೆಗೆ, ಕೆಲವು ಸಲ ಸೊನ್ನೆಗಿಂತ ಕೆಳಗೂ ಹೋಗುತ್ತೆ, ನಾವು ಮಾತ್ರ ಒಪ್ಪಂದದ ರೇಟೇ ಕೊಡ್ತಿರ್ತೀವಿ. ಜರ್ಮನಿಯಲ್ಲಿ 2024ರಲ್ಲಿ 450 ಗಂಟೆಗೂ ಜಾಸ್ತಿ ಹೊತ್ತು ರೇಟು ಸೊನ್ನೆಗಿಂತ ಕೆಳಗಿತ್ತು. ಎರಡನೇದು, ಎಕ್ಸ್‌ಚೇಂಜಲ್ಲಿ ಹೆಡ್ಜ್ ಮಾಡೋಕೂ ಕೈಯಲ್ಲಿ ನಗದು ಬೇಕು. 2022ರಲ್ಲಿ ಫಿನ್‌ಲ್ಯಾಂಡಿನ ಫೋರ್ಟಮ್ ಕಂಪನಿ ಹತ್ರ ಪ್ಲಾಂಟ್ ಇತ್ತು, ಹೆಡ್ಜೂ ಇತ್ತು, ಆದ್ರೂ ರೇಟು ಏರಿದ ಹಾಗೆ ಎಕ್ಸ್‌ಚೇಂಜ್ ಕೇಳೋ ಮಾರ್ಜಿನ್ ಹಣ (ಹೆಡ್ಜ್ ಒಪ್ಪಂದಕ್ಕೆ ಗ್ಯಾರಂಟಿಯಾಗಿ ಇಡೋ ನಗದು) ಎಷ್ಟಾಯ್ತು ಅಂದ್ರೆ ಮುನ್ನೆಚ್ಚರಿಕೆಗೆ ಸರ್ಕಾರದಿಂದ 235 ಕೋಟಿ ಯೂರೋ ಸಾಲದ ವ್ಯವಸ್ಥೆ ಮಾಡ್ಕೊಬೇಕಾಯ್ತು. ಹಾಗಾಗಿ ಹೆಡ್ಜ್ ಪಾಲಿಸಿ ಬರೆಯೋವಾಗ ಫೈನಾನ್ಸ್‌ನವರು ಪಕ್ಕದಲ್ಲೇ ಇರ್ಬೇಕು.

ದೊಡ್ಡ ಪ್ಲಾಂಟಾ, ಚಿಕ್ಕ ಚಿಕ್ಕದಾ

ಅಮೆರಿಕದ ಜಾರ್ಜಿಯಾದಲ್ಲಿ ವೋಗಲ್ 3 ಮತ್ತು 4ನೇ ಅಣು ಘಟಕಗಳಿಗೆ ಶುರುವಲ್ಲಿ ಸುಮಾರು 1,400 ಕೋಟಿ ಡಾಲರ್ ಅಂದಾಜಿತ್ತು, 2023–24ರಲ್ಲಿ ಏಳು ವರ್ಷ ತಡವಾಗಿ ಮುಗಿಯೋಷ್ಟ್ರಲ್ಲಿ 3,000 ಕೋಟಿ ದಾಟಿತ್ತು. ಅದೇ ಡಿಸೈನ್‌ನ ಸೌತ್ ಕ್ಯಾರೊಲಿನಾದ ಎರಡು ಘಟಕಗಳನ್ನ ಸುಮಾರು 900 ಕೋಟಿ ಖರ್ಚಾದ್ಮೇಲೆ 2017ರಲ್ಲಿ ಕೈಬಿಟ್ರು. ನ್ಯಾಯವಾಗಿ ಹೇಳ್ಬೇಕಂದ್ರೆ ವೋಗಲ್ ಈಗ ಹಗಲು ರಾತ್ರಿ 2,200 ಮೆಗಾವ್ಯಾಟ್ ಕಾರ್ಬನ್ ಇಲ್ಲದ ಕರೆಂಟ್ ಕೊಡ್ತಿದೆ, ಅರವತ್ತು ವರ್ಷ ಕೊಡ್ಬಹುದು, ಗ್ಯಾಸ್ ರೇಟ್ ಏರಿದ ಭವಿಷ್ಯದಲ್ಲಿ ಅದು ದೊಡ್ಡ ಆಸರೆ. ಪ್ರಶ್ನೆ ಇರೋದು ಕಂಪನಿ ಗಾತ್ರದಲ್ಲಿ, ಒಂದು ಪ್ರಾಜೆಕ್ಟ್ ಡಬಲ್ ಖರ್ಚಾದ್ರೂ ಉಸಿರಾಡೋಷ್ಟು ದೊಡ್ಡ ಕಂಪನಿಗೆ ಮಾತ್ರ ಅದು ಆಯ್ಕೆ, ಚಿಕ್ಕವರು ಅಂಥದ್ರಲ್ಲಿ ಒಂದು ಪಾಲು ತಗೊಳೋದು ಬೇರೆ ಮಾತು.

ಇನ್ನೊಂದು ಕಡೆ ಸೌತ್ ಆಸ್ಟ್ರೇಲಿಯಾ. 2016 ಸೆಪ್ಟೆಂಬರಲ್ಲಿ ಬಿರುಗಾಳಿಗೆ ಇಡೀ ರಾಜ್ಯ ಕತ್ತಲಾಯ್ತು, ಮುಂದಿನ ವರ್ಷನೇ ಹಾರ್ನ್ಸ್‌ಡೇಲ್‌ನಲ್ಲಿ 100 ಮೆಗಾವ್ಯಾಟ್ ಬ್ಯಾಟರಿ ನಿಲ್ಲಿಸಿದ್ರು, 2020ರಲ್ಲಿ ಅದನ್ನ 150ಕ್ಕೆ ಏರಿಸಿದ್ರು. ತಿಂಗಳುಗಳಲ್ಲಿ ಮುಗಿಯೋ ಕೆಲಸ ಆದ್ರೆ ಹತ್ತು ವರ್ಷ ಮುಂಚೆ ಊಹೆ ಮಾಡೋ ಕಷ್ಟನೇ ಇಲ್ಲ, ಬೇಕಾದಾಗ ಬೇಕಾದಷ್ಟು. ಲಿಥಿಯಂ ಬ್ಯಾಟರಿ ಪ್ಯಾಕ್ ರೇಟು 2010ರಲ್ಲಿ ಕಿಲೋವ್ಯಾಟ್ ಅವರ್‌ಗೆ 1,000 ಡಾಲರ್ ಮೇಲಿತ್ತು, 2024ರಲ್ಲಿ ಸರಾಸರಿ 115ಕ್ಕೆ ಬಂತು, ಅಂದ್ರೆ ಕಾಯೋದಕ್ಕೂ ಲಾಭ ಇದೆ. ಆದ್ರೆ ಈ ಬ್ಯಾಟರಿ ಹೆಚ್ಚಿನವು ಎರಡು ನಾಲ್ಕು ಗಂಟೆ ಮಾತ್ರ ಕೊಡ್ತವೆ, ವಾರಗಟ್ಟಲೆ ಗಾಳಿ ಬಿಸಿಲು ಎರಡೂ ಇಲ್ಲದ ಚಳಿಗಾಲಕ್ಕೆ ಉತ್ತರ ಅದಲ್ಲ, ಅದಕ್ಕೆ ಹೈಡ್ರೋ, ಗ್ಯಾಸ್, ಅಣು ಅಥವಾ ದೂರದ ಊರಿಂದ ತರೋ ಲೈನ್ ಬೇಕೇ ಬೇಕು.

ಎಲ್ಲಾ ಭವಿಷ್ಯದಲ್ಲೂ ಕೆಲಸಕ್ಕೆ ಬರೋದು ಕೆಲವಿದೆ, ಅದಕ್ಕೆ ಚರ್ಚೆ ಬೇಡ: ಹಳೇ ಪ್ಲಾಂಟ್ ಇರೋ ಜಾಗದ ಗ್ರಿಡ್ ಕನೆಕ್ಷನ್ ಬಿಟ್ಕೊಡದೇ ಇರೋದು, ಲೈನ್‌ಗೆ ಜಾಗ ಮತ್ತು ಪರವಾನಗಿ ಮೊದ್ಲೇ ಮಾಡಿಟ್ಕೊಳೋದು, ಲೈನಲ್ಲಿ ಆಗೋ ಕರೆಂಟ್ ಲಾಸ್ ಕಮ್ಮಿ ಮಾಡೋದು, ಸ್ಮಾರ್ಟ್ ಮೀಟರ್, ಪೀಕ್ ಹೊತ್ತಲ್ಲಿ ಲೋಡ್ ಇಳಿಸೋಕೆ ದೊಡ್ಡ ಗ್ರಾಹಕರ ಜೊತೆ ಒಪ್ಪಂದ.

ಟ್ಯಾರಿಫ್ ಕೂಡ ತಯಾರಿನೇ

ಪಾಕಿಸ್ತಾನದಲ್ಲಿ ಆಗಿದ್ದನ್ನ ಪ್ರತಿ ಪ್ಲಾನರೂ ಓದ್ಬೇಕು. ಅಲ್ಲಿ ಪ್ಲಾಂಟ್‌ಗಳು ಓಡ್ಲಿ ಬಿಡ್ಲಿ ಕೆಪಾಸಿಟಿ ಚಾರ್ಜ್ ಕಟ್ಟೋ ಒಪ್ಪಂದಗಳಿವೆ, ಆ ಹೊರೆ ಗ್ರಾಹಕರ ರೇಟಿಗೆ ಬಂತು, ರೇಟು ಏರಿದ್ದಕ್ಕೆ ಕೈಲಾದವರೆಲ್ಲ ಸೋಲಾರ್ ಹಾಕಿಸ್ಕೊಂಡ್ರು, 2024ರಲ್ಲಿ ಒಂದೇ ವರ್ಷ ಸುಮಾರು 17 ಗಿಗಾವ್ಯಾಟ್ ಪ್ಯಾನೆಲ್ ಆಮದಾಯ್ತು, ಉಳಿದವರ ಮೇಲೆ ಅದೇ ಹೊರೆ ಇನ್ನೂ ಜಾಸ್ತಿ ಬಿತ್ತು. ಉಳಿದವರು ಅಂದ್ರೆ ಸೋಲಾರ್ ಹಾಕಿಸೋಕೆ ದುಡ್ಡಿಲ್ಲದವರು, ಅದೇ ಇದರಲ್ಲಿ ನನಗೆ ಅತಿ ನೋವಿನ ವಿಷಯ.

ಬರೀ ಯೂನಿಟ್ ಮೇಲೆ ಖರ್ಚು ಹೊರಿಸಿದ್ರೆ ಈ ಸುತ್ತಿಗೆ ಸಿಕ್ಕಿಕೊಳ್ತೀವಿ, ಎಲ್ಲಾ ಫಿಕ್ಸೆಡ್ ಚಾರ್ಜ್‌ಗೆ ಹಾಕಿದ್ರೆ ಕಮ್ಮಿ ಬಳಸೋ ಬಡವರಿಗೆ ಹೊಡೆತ. ಹೊತ್ತಿಗೆ ತಕ್ಕ ರೇಟು, ಜೊತೆಗೆ ಪೀಕ್‌ನಲ್ಲಿ ಎಷ್ಟು ಎಳೀತಾರೋ ಅದಕ್ಕೊಂದು ಚಾರ್ಜ್, ಇದು ಹೆಚ್ಚಿನ ಭವಿಷ್ಯಗಳಲ್ಲಿ ಹೊಂದುತ್ತೆ. ದೊಡ್ಡ ಲೋಡ್‌ಗೆ ಬೇರೆನೇ ರೂಲ್ ಇರ್ಲಿ. ಅಮೆರಿಕದ ಒಹಾಯೊದಲ್ಲಿ 2025ರಲ್ಲಿ ಒಪ್ಪಿಗೆ ಸಿಕ್ಕ ಟ್ಯಾರಿಫ್ ಪ್ರಕಾರ ಹೊಸ ದೊಡ್ಡ ಡೇಟಾ ಸೆಂಟರ್‌ಗಳು ತಾವು ಕೇಳಿದ ಕೆಪಾಸಿಟಿಯ ಕನಿಷ್ಠ 85 ಪರ್ಸೆಂಟ್‌ಗೆ, ಬಳಸ್ಲಿ ಬಿಡ್ಲಿ, 12 ವರ್ಷದವರೆಗೂ ದುಡ್ಡು ಕಟ್ಬೇಕು. ಸುಮ್ನೆ ಅರ್ಜಿ ಹಾಕಿದವರು ಯಾರು, ನಿಜವಾಗ್ಲೂ ಬರೋರು ಯಾರು ಅನ್ನೋದು ಇಂಥ ರೂಲ್ ಬಂದ ದಿನನೇ ಗೊತ್ತಾಗುತ್ತೆ.

ಯಾರಿಗೆ ಯಾವುದು

ಸ್ವಂತ ಪ್ಲಾಂಟ್, ಲೈನ್, ಗ್ರಾಹಕರು ಮೂರೂ ಇರೋ ದೊಡ್ಡ ಕಂಪನಿ ಆದ್ರೆ ನಾಲ್ಕು ಸಿನಾರಿಯೋ, ಅದರ ಮೇಲೆ ರಿಗ್ರೆಟ್ ಲೆಕ್ಕ, ರಿಸರ್ವ್‌ಗೆ ಸಿಮ್ಯುಲೇಷನ್, ಎಲ್ಲಾ ಬೇಕು. ಬರೀ ಹಂಚಿಕೆ ಮಾಡೋ ಚಿಕ್ಕ ಕಂಪನಿಗೆ ಸಿಮ್ಯುಲೇಷನ್ ಸಾಫ್ಟ್‌ವೇರ್ ಬದಲು ಆ ದುಡ್ಡಲ್ಲಿ ಮೀಟರ್ ಡೇಟಾ ಸರಿ ಮಾಡ್ಕೊಳೋದು ಮೇಲು, ಸಿನಾರಿಯೋ ಮತ್ತು ರಿಗ್ರೆಟ್ ಟೇಬಲ್ ಒಂದು ಸ್ಪ್ರೆಡ್‌ಶೀಟಲ್ಲೇ ಆಗುತ್ತೆ. ಪ್ಲಾಂಟ್ ಇಲ್ಲದೆ ಬರೀ ಮಾರೋ ಸಪ್ಲೈಯರ್‌ಗೆ ಬೇರೆಲ್ಲಕ್ಕಿಂತ ಮುಂಚೆ ಹೆಡ್ಜ್ ಮೆಟ್ಟಿಲು ಮತ್ತೆ ನಗದು, ಟೆಕ್ಸಾಸ್ ಥರದ ಒಂದು ವಾರ ಬಂದ್ರೆ ಎಷ್ಟು ದಿನ ತಡ್ಕೊತೀವಿ ಅನ್ನೋ ಒಂದೇ ಪ್ರಶ್ನೆಗೆ ಉತ್ತರ ಸಾಕು.

ಮೂವರಿಗೂ ಬೇಕಾದದ್ದು ಸೂಚಕಗಳ ಪಟ್ಟಿ. ಯಾವ ಭವಿಷ್ಯದ ಕಡೆ ಹೋಗ್ತಿದ್ದೀವಿ ಅಂತ ತಿಳಿಸೋ ಐದಾರು ನಂಬರ್ ಸಾಕು: ಡೆಪಾಸಿಟ್ ಕಟ್ಟಿರೋ ದೊಡ್ಡ ಲೋಡ್ ಅರ್ಜಿ ಎಷ್ಟು, ಪ್ರತಿ ಫೀಡರಲ್ಲಿ ರೂಫ್‌ಟಾಪ್ ಎಷ್ಟು, ಸಂಜೆ ಮಧ್ಯಾಹ್ನದ ರೇಟಿನ ಅಂತರ ಎಷ್ಟು, ಟ್ರಾನ್ಸ್‌ಫಾರ್ಮರ್ ಆರ್ಡರ್ ಮಾಡಿದ್ರೆ ಬರೋಕೆ ಎಷ್ಟು ತಿಂಗಳು, ಬ್ಯಾಟರಿ ಟೆಂಡರಲ್ಲಿ ಬಂದ ರೇಟು ಎಷ್ಟು. ಪ್ರತಿ ನಂಬರ್ ಪಕ್ಕದಲ್ಲಿ ಇಷ್ಟು ದಾಟಿದ್ರೆ ಎರಡನೇ ಹಂತ ಶುರು, ಇಷ್ಟಕ್ಕಿಂತ ಇಳಿದ್ರೆ ನಿಲ್ಲಿಸು ಅಂತ ಬರೆದಿರ್ಬೇಕು, ಅದನ್ನ ನೋಡೋ ಜವಾಬ್ದಾರಿ ಯಾರದ್ದು ಅಂತ ಹೆಸರು ಇರ್ಬೇಕು. ನಿಲ್ಲಿಸೋ ಅಧಿಕಾರ ಆ ಪ್ರಾಜೆಕ್ಟ್ ನಡೆಸೋವ್ರ ಕೈಲೇ ಇಡಬೇಡಿ, ಬೋರ್ಡಿಗೆ ನೇರವಾಗಿ ವರದಿ ಕೊಡೋ ಬೇರೆಯವ್ರ ಹತ್ರ ಇರ್ಲಿ, ಮೂರು ತಿಂಗಳಿಗೊಂದ್ಸಲ ಈ ಪಟ್ಟಿ ಬೋರ್ಡ್ ಮೀಟಿಂಗಿನ ಅಜೆಂಡಾದಲ್ಲಿ ಮೊದಲ ಐಟಂ ಆಗಿ ಬರ್ಲಿ.